ಪೈಪಿನ ಆ ತುದಿ

ನಗೋರೆಲ್ಲ ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ಕಂದ್ರೆ ನಾನು ಅಲ್ಲಿಗೇ ನಿಲ್ಲಿಸಿ, ಮುಸುಕು ಹಾಕ್ಕೊಂಡು ಮಲಗಿಬಿಡ್ತೀನಿ. ಆಮೇಲೆ ಎಷ್ಟು ಗೋಗರೆದ್ರೂ ಬಾಯಿ ಬಿಡಲ್ಲ. ಇದು ಅವರಿವರ ಬಾಯಿಂದ ಬಂದ ಕತೆ ಅಲ್ಲ. ನನ್ನ ಸ್ವಂತ ದೊಡ್ಡಮ್ಮನ ಮಗನಿಗೆ ಆಗಿದ್ದು. ಅವನೇ ನನ್ನೆದುರಿಗೆ ಕೂತು ಹೇಳಿದ್ದು. ಆ ಬಾಗಿಲು ಸ್ವಲ್ಪ ಮುಂದಕ್ಕೆ ಎಳೀರಿ... ಹಾಂ, ಸಾಕು.

ಅವತ್ತು ಅವನು ಅಂಗಡಿ ಮುಚ್ಕೊಂಡು ಹೊರಟಾಗ ಬೀದೀಲಿ ಒಂದು ನರಪಿಳ್ಳೆ ಇರಲಿಲ್ಲ. ಲಾರಿ ರೇಡಿಯೇಟರ್ ರಿಪೇರಿ ಅವನ ಕಸುಬು. ಎಲ್ಲರೂ ಅವನನ್ನ ರೇಡಿಯೇಟರ್ ಅಂತಲೇ ಕರೆಯೋದು. ಕಸುಬಿಗೆ ಆ ಹೆಸರು ಬಂತೋ, ಮೂಗಿನ ತುದೀಲಿ ಕೂತಿರೋ ಸಿಟ್ಟಿಗೆ ಬಂತೋ, ದೇವರಿಗೇ ಗೊತ್ತು. ಮನೆಗೆ ಎರಡು ದಾರಿ. ಒಂದು ಮುಂಬಾಗಿಲಿಗೆ, ಸುತ್ತು ಬಳಸಿ. ಇನ್ನೊಂದು ಹಿತ್ತಲ ಬಾವಿ ಪಕ್ಕದಲ್ಲಿ, ಹತ್ತಿರದ್ದು. ಒಂದು ವರ್ಷದಿಂದ ಅವನು ಬಾವಿ ಕಡೆ ಕಾಲಿಟ್ಟಿರಲಿಲ್ಲ. ಅವತ್ತು ಇಟ್ಟ. ಹೆಗಲ ಮೇಲೆ ಹಿಡಿ ಜಡಿದ ಒಂದು ಮರದ ದುಂಡು, ಒಂದು ಕೈಲಿ ಬೆಸುಗೆಯ ಬ್ಲೋ ಲ್ಯಾಂಪ್ ಹಾಕಿದ್ದ ಚೀಲ, ಇನ್ನೊಂದು ಕೈಲಿ ಒಣ ಮರಳಿನ ಡಬ್ಬ.

ಬಾವಿ ಇನ್ನೂ ಕಾಣಿಸೋ ಮೊದಲೇ ಕೇಳಿಸ್ತು.

ಕಿರ್ರ್... 

ಆಮೇಲೆ ಸುಮ್ಮನೆ. ಆಮೇಲೆ ಮತ್ತೆ... ಕಿರ್ರ್...

ಬಾವಿಯ ರಾಟೆ. ಗಾಳಿ ಇಲ್ಲ, ಎಲೆ ಅಲ್ಲಾಡ್ತಿಲ್ಲ. ರಾಟೆಗೆ ಹಗ್ಗವೂ ಇಲ್ಲ, ಆ ಹಗ್ಗ ಬಿಚ್ಚಿ ಒಂದು ವರ್ಷ ಆಗಿತ್ತು. ಇವನು ನಿಂತ ಕಡೆಯೇ ನಿಂತ.

"ಯಾರದು?" ಅಂದ, ಪಿಸುದನಿಯಲ್ಲಿ.

ರಾಟೆ ನಿಂತುಹೋಯ್ತು.

ತಡೀರಿ. ಅವನು ಅಷ್ಟೊತ್ತಲ್ಲಿ ಅಲ್ಲಿಗೆ ಯಾಕೆ ಹೋದ ಅನ್ನೋದನ್ನ ಮೊದಲು ಹೇಳಬೇಕು, ಇಲ್ದಿದ್ರೆ ತಲೆ ಬುಡ ಗೊತ್ತಾಗಲ್ಲ.

ಅವನಿಗೊಬ್ಬ ತಮ್ಮ ಇದ್ದ. ಟೈಲರ್. ಅಣ್ಣನದೊಂದು ಮನೆ, ತಮ್ಮನದೊಂದು ಮನೆ, ಹಿಂದೆ ಇಬ್ಬರಿಗೂ ಒಂದೇ ಹಿತ್ತಲು, ಒಂದೇ ಬಾವಿ, ಬಾವಿ ಪಕ್ಕ ಒಂದು ನಿಂಬೆ ಗಿಡ. ಅಣ್ಣ ಎಷ್ಟು ಜೋರೋ ತಮ್ಮ ಅಷ್ಟೇ ಮೆತ್ತಗೆ. ಒಂದ್ಸಲ ಮಿಷನ್ನಿನ ಸೂಜಿ ಅವನ ಹೆಬ್ಬೆರಳಿಗೆ ಹೊಕ್ಕು ಆಚೆ ಬಂದಿತ್ತು. ಗಾಯ ವಾಸಿಯಾಯ್ತು, ಆದ್ರೆ ಬೆರಳಿನ ಮೆತ್ತನೆ ಭಾಗದ ನಟ್ಟನಡುವೆ ಅಕ್ಕಿಕಾಳು ಕೂರೋವಷ್ಟು ಒಂದು ಕುಳಿ ಉಳಿದುಬಿಡ್ತು. "ಕಾಜಾ ಆಗಿದೆ, ಇನ್ನು ಗುಂಡಿ ಹಚ್ಚೋದೊಂದು ಬಾಕಿ" ಅಂತ ಎಲ್ಲರಿಗೂ ತೋರಿಸಿ ನಗೋನು.

ಚಿಕ್ಕವರಿದ್ದಾಗ ನಮ್ಮ ದೊಡ್ಡಮ್ಮ ಒಗೆದ ಬೆಡ್‌ಶೀಟು ಹಿಂಡೋಕೆ ಇಬ್ಬರನ್ನೂ ಕರೆಯೋಳು. ಒಂದು ತುದಿ ಇವನು, ಒಂದು ತುದಿ ಅವನು. ನೀರೆಲ್ಲ ಇಳಿದ ಮೇಲೆ ತಮ್ಮ ಎರಡು ಸಲ ಮೆಲ್ಲಗೆ ಜಗ್ಗೋನು. ಬಿಡ್ಲಾ ಅಣ್ಣ, ಅಂತ ಅದರರ್ಥ. ಇವನು ಹೂಂ ಅಂದ ಮೇಲೇ ಕೈ ಬಿಡೋನು. ಇವನಿದ್ದಾನಲ್ಲ, ಇವನು ಹೇಳದೆ ಕೇಳದೆ ತಟ್ಟಂತ ಬಿಟ್ಟು, ತಮ್ಮ ಅಂಡೂರಿ ಬೀಳೋದನ್ನ ನೋಡಿ ಹೊಟ್ಟೆ ಹಿಡ್ಕೊಂಡು ನಗೋನು. ನಾನೂ ನಕ್ಕಿದ್ದೀನಿ.

ಇರಲಿ. ಆ ನಿಂಬೆ ಗಿಡ ಹೂ ಬಿಟ್ಟಾಗ ಹಿತ್ತಲೆಲ್ಲ ಘಮ್ ಅನ್ನೋದು. ಒಂದಿನ ಟೈಲರ್ ಹೆಂಡತಿ ಬಟ್ಟೆ ಹರವ್ತಾ, "ಈ ವಾಸನೆ ವರ್ಷಪೂರ್ತಿ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಅಂದಳು. ಅಂದಳು, ಮರೆತಳು. ಟೈಲರ್ ಮರೀಲಿಲ್ಲ. ಹೂವಿನ ನೀರು ಭಟ್ಟಿ ಇಳಿಸ್ತೀನಿ ಅಂತ ಹೊರಟ. ಅದೇನು ಬ್ರಹ್ಮವಿದ್ಯೆ ಅಲ್ಲ. ಮುಚ್ಚಳ ಇರೋ ಪಾತ್ರೇಲಿ ಹೂವು, ನೀರು ಹಾಕಿ ಕಾಯಿಸೋದು. ಮೇಲೆ ಬರೋ ಹಬೆ ಒಂದು ತಾಮ್ರದ ಸುರುಳಿಯೊಳಗೆ ಹೋಗುತ್ತೆ. ಸುರುಳಿ ತಣ್ಣೀರಿನ ಬಕೆಟ್ಟಿನಲ್ಲಿ ಕೂತಿರುತ್ತೆ. ಹಬೆ ಅಲ್ಲಿ ತಣಿದು, ನೀರಾಗಿ, ಹನಿ ಹನಿ ಕೆಳಗಿಳಿಯುತ್ತೆ. ಹೂವಿನ ವಾಸನೆಯೂ ಜೊತೆಗೆ. ಟೈಲರ್ ಹತ್ರ ಪಾತ್ರೆ ಇತ್ತು, ಒಲೆ ಇತ್ತು, ಬಕೆಟ್ ಇತ್ತು. ಸುರುಳಿ ಒಂದಿರಲಿಲ್ಲ. ಅದನ್ನ ತಾನೇ ಮಾಡ್ತೀನಿ ಅಂತ ಉದ್ದನೆಯ ತಾಮ್ರದ ಪೈಪು ಹೊತ್ಕೊಂಡು ಬಂದ. ಬೀದಿಯವರು ಬಿಡ್ತಾರಾ? "ಏನ್ ಟೈಲರೇ, ಮೊದಲನೇ ಗ್ಲಾಸು ನಮಗೇ ತಾನೆ?" ಅಂತ ಕಣ್ಣು ಹೊಡೆಯೋರು.

ಇಲ್ಲೊಂದು ವಿಷಯ ತಿಳ್ಕೊಳ್ಳಿ. ಪೈಪನ್ನ ಹಾಗೇ ಬಗ್ಗಿಸಿದ್ರೆ ಬಗ್ಗಿದ ಕಡೆ ಚಪ್ಪಟೆಯಾಗಿ ಮುಚ್ಚಿಹೋಗುತ್ತೆ. ಅದಕ್ಕೆ ಒಳಗೆಲ್ಲ ಒಣ ಮರಳು ತುಂಬಿ, ತಟ್ಟಿ ತಟ್ಟಿ ಗಟ್ಟಿ ಮಾಡಿ, ಎರಡೂ ಬಾಯಿಗೆ ಮರದ ಬೂಚು ಜಡೀಬೇಕು. ಆಮೇಲೆ ಒಂದು ದುಂಡಿಗೆ ಸುತ್ತಬೇಕು. ಸುತ್ತೋಕೆ ಇಬ್ಬರು ಬೇಕೇ ಬೇಕು. ಒಬ್ಬ ದುಂಡು ತಿರುಗಿಸಬೇಕು, ಇನ್ನೊಬ್ಬ ಆ ತುದಿ ಬಿಗಿಯಾಗಿ ಹಿಡ್ಕೊಂಡು ಹೆಜ್ಜೆ ಹೆಜ್ಜೆ ಮುಂದೆ ಬರಬೇಕು.

ಆ ಸಂಜೆ ಟೈಲರ್ ಅಣ್ಣನ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ.

"ಅಣ್ಣ, ಒಂದು ತುದಿ ಹಿಡ್ಕೊ ಬಾರೋ. ಕಾಲು ಗಂಟೆ ಕೆಲಸ."

ಇವನು ಆಗಷ್ಟೇ ಊಟಕ್ಕೆ ಕೂತಿದ್ದ. "ಹೋಗೋಲೋ! ನಾಳೆ ಪೋಲೀಸರು ಬಂದು ಸಾರಾಯಿ ಭಟ್ಟಿ ಅಂದ್ರೆ ನನ್ನ ಅಂಗಡಿ ಹೆಸರು ಏನಾಗಬೇಕು? ಹೆಂಡತಿ ಸೆರಗು ಹಿಡ್ಕೊಂಡು ಕುಣಿಯೋದು ಸಾಕು."

"ಹೂವು ಉದುರ್ತಾ ಇದೆ ಅಣ್ಣ. ನಾಳೆ ನಾಡಿದ್ದು ಅಂದ್ರೆ ಮುಗಿದುಹೋಗುತ್ತೆ."

"ನಾಳೆ ಬಾ, ನೋಡೋಣ. ತಲೆ ತಿನ್ನಬೇಡ."

ಟೈಲರ್ ಹೋದ. ಕೋಪ ಮಾಡ್ಕೊಳ್ಳಲಿಲ್ಲ, ಅದು ಅವನ ಜಾಯಮಾನದಲ್ಲೇ ಇರಲಿಲ್ಲ. ಒಬ್ಬನೇ ಒಂದು ಉಪಾಯ ಮಾಡಿದ. ಪೈಪಿನ ಒಂದು ತುದೀನ ಹಿತ್ತಲಿನ ಬಟ್ಟೆ ಒಣಹಾಕೋ ಕಂಬಕ್ಕೆ ಬಿಗಿದು ಕಟ್ಟಿದ. ಇನ್ನೊಂದು ತುದಿ ತಾನೇ ಹಿಡ್ಕೊಂಡು, ಹಿಂದಕ್ಕೆ ವಾಲಿ ಎಳೀತಾ ಎಳೀತಾ ಕಂಬದ ಸುತ್ತ ಹಿಮ್ಮುಖವಾಗಿ ಹೆಜ್ಜೆ ಹಾಕಿದ. ಮೂರು ಸುತ್ತು ಚೆನ್ನಾಗೇ ಕೂತಿತು. ಕತ್ತಲಾಗ್ತಿತ್ತು. ಕಂಬದ ಹತ್ತಿರವೇ ಬಾವಿ. ಬಾವಿಕಟ್ಟೆ ಮೊಣಕಾಲಿಗಿಂತ ಎತ್ತರ ಇಲ್ಲ...

ಊಟಕ್ಕೆ ಕೂತಿದ್ದ ಅಣ್ಣನಿಗೆ ಶಬ್ದ ಕೇಳಿಸಿತ್ತು ಕಣ್ರಿ. ಒಂದು ಸಲ, ದುಡುಮ್ ಅಂತ. "ಯಾರದೋ ಕೊಡ ಬಿತ್ತು" ಅಂತ ಹೆಂಡತಿಗೆ ಹೇಳಿ ಮುಂದಿನ ತುತ್ತು ಬಾಯಿಗಿಟ್ಟ. ಆ ತುತ್ತು ಇವತ್ತಿಗೂ ಅವನ ಗಂಟಲಲ್ಲೇ ಇದೆ.

ಬಾವಿಯಿಂದ ಮೇಲಕ್ಕೆತ್ತಿದಾಗ ಟೈಲರ್ ಉಸಿರು ನಿಂತುಹೋಗಿತ್ತು. ಎಲ್ಲರೆದುರಿಗೆ ಅವನ ಹೆಂಡತಿ ಇವನನ್ನ ಒಂದೇ ಮಾತು ಕೇಳಿದಳು. "ಒಂದು ತುದಿ ಹಿಡ್ಕೊಳ್ಳೋಕೆ ನಿಮಗೇನಾಗಿತ್ತು?" ಅಷ್ಟೇ. ಆಮೇಲೆ ಇವನ ಜೊತೆ ಮಾತು ನಿಂತಿತು. ಇವನು ತಂದಿಟ್ಟ ಸಾಮಾನು ಬಾಗಿಲಲ್ಲೇ ಕೊಳೀತು. ಇವನು ಹಿತ್ತಲ ಬಾಗಿಲಿಗೆ ಬಂದ್ರೆ ಅವಳ ಬಾಗಿಲು ದಡಾರ್ ಅಂತ ಮುಚ್ಚಿಕೊಳ್ಳೋದು. ಊರಿಗೆಲ್ಲ ಗುಡುಗ್ತಿದ್ದ ರೇಡಿಯೇಟರ್ ತಣ್ಣಗಾಗಿಹೋದ. ಅಂಗಡೀಲಿ ಕೆಲಸ ಮಾಡ್ತಾ ಮಾಡ್ತಾ ಕೈ ನಿಲ್ಲಿಸಿ ಗೋಡೆ ನೋಡ್ತಾ ಕೂರೋನು. ಅವಳು ಒಂದ್ಸಲ ಭಾವ ಅಂತ ಕರೆದ್ರೆ ಸಾಕು, ಬದುಕ್ಕೊಳ್ತೀನಿ ಅಂತ ನನ್ನ ಹತ್ರ ಹೇಳಿ ಮಗು ಹಾಗೆ ಅತ್ತಿದ್ದ.

ಒಂದು ವರ್ಷ ಕಳೀತು. ನಿಂಬೆ ಗಿಡ ಮತ್ತೆ ಹೂ ಬಿಡ್ತು. ಆ ಪೈಪು ಮೂರು ಸುತ್ತಿನ ಜೊತೆ ಕಂಬದಲ್ಲಿ ಹಾಗೇ ನೇತಾಡ್ತಿತ್ತು, ಅದನ್ನ ಮುಟ್ಟೋ ಧೈರ್ಯ ಯಾರಿಗೂ ಇರಲಿಲ್ಲ. ಅವತ್ತು ಬೆಳಗ್ಗೆ ಟೈಲರ್ ಹೆಂಡತಿ ನಮ್ಮ ಅತ್ತಿಗೆ ಹತ್ರ, ಅಂದ್ರೆ ಇವನ ಹೆಂಡತಿ ಹತ್ರ, ಹೇಳಿದಳಂತೆ: "ಅಕ್ಕಾ, ನಾಳೆ ಅದನ್ನ ಗುಜರಿಯವನಿಗೆ ಕೊಟ್ಟುಬಿಡ್ತೀನಿ. ಹೂವಿನ ವಾಸನೆ ಒಂದು ಕಡೆ, ಅದೊಂದು ಕಡೆ. ನನ್ನ ಕೈಲಾಗ್ತಿಲ್ಲ."

ಇವನು ಅದನ್ನ ಕೇಳಿ, "ಒಂದು ರಾತ್ರಿ ಬಿಡೋಕೆ ಹೇಳು. ನಾನು ಮುಗಿಸಿಕೊಡ್ತೀನಿ" ಅಂದ.

"ಒಬ್ಬರೇ ಹೇಗ್ರೀ ಆಗುತ್ತೆ? ಯಾರನ್ನಾದ್ರೂ ಕರ್ಕೊಂಡ್ಹೋಗಿ."

"ತುದಿ ಹಿಡ್ಕೊ ಬಾ ಅಂತ ನಾನು ಯಾವ ಬಾಯಲ್ಲಿ ಕರೀಲಿ ಹೇಳು?"

ಅತ್ತಿಗೆ ಎದ್ದು, ಅವಳಿಗೆ ಹೇಳಿಬರೋಕೆ ಹೋದಳು.

ಈಗ ಗೊತ್ತಾಯ್ತಲ್ಲ, ಅವನು ಯಾಕೆ ಬಾವಿ ದಾರಿ ಹಿಡಿದ ಅಂತ. ರಾಟೆ ಶಬ್ದ ಕೇಳಿದ್ರೂ ಓಡಿಹೋಗಲಿಲ್ಲ. ಅಡುಗೆಮನೆ ಕಿಟಕಿಯಿಂದ ವೈರ್ ಎಳೆದು ಒಂದು ಬಲ್ಬು ಹಾಕ್ಕೊಂಡ. ನಾಲ್ಕು ಮಾರು ಬೆಳಕು, ಆಚೆಗೆ ಗವ್ವನೆ ಕತ್ತಲೆ. ಕಂಬದಿಂದ ಪೈಪು ಬಿಡಿಸಿದ. ತಮ್ಮ ಸುತ್ತಿದ್ದ ಮೂರು ಸುತ್ತನ್ನ ನೇರ ಮಾಡೋಕೆ ಕೈ ಬರಲಿಲ್ಲ. ದುಂಡು ಕಂಬದಷ್ಟೇ ದಪ್ಪ ಇತ್ತು, ಆ ಮೂರು ಸುತ್ತು ಹಾಗೇ ಅದಕ್ಕೆ ತೊಡಿಸಿದ. ಮಿಕ್ಕಿದ್ದನ್ನ ಬ್ಲೋ ಲ್ಯಾಂಪಿನಲ್ಲಿ ಬುರ್ರ್ ಅಂತ ಕೆಂಪಗೆ ಕಾಯಿಸಿ, ಮೆತ್ತಗಾಗಲಿ ಅಂತ ಆರೋಕೆ ಬಿಟ್ಟ. ತಮ್ಮ ಜಡಿದಿದ್ದ ಬೂಚು ಬಿದ್ದು ಹಳೇ ಮರಳು ಅರ್ಧ ಸೋರಿಹೋಗಿತ್ತು. ಪೈಪಿನ ಬಾಯಿ ಮೇಲಕ್ಕೆ ಮಾಡಿ ಹೊಸ ಮರಳು ಹುಯ್ದ. ಬಾಣಲೇಲಿ ಹುರಿದು ತಂದ ಮರಳು, ಒಂದು ಚೂರು ಪಸೆ ಇರಬಾರದು. ಕೋಲಲ್ಲಿ ತಟ್ಟಿದ. ಟಕ್... ಟಕ್... ಟಕ್... ಮರಳು ಸುರ್ರಂತ ಒಳಗಿಳೀತು. ಅಂಗಡೀಲಿ ಕೆತ್ತಿ ತಂದಿದ್ದ ಬೂಚು ಕೈಗೆ ತಗೊಂಡ.

ಕಿರ್ರ್...

ರಾಟೆ. ಈ ಸಲ ಒಂದು ಪೂರ್ತಿ ಸುತ್ತು ತಿರುಗಿತು. ಏನನ್ನೋ ಮೇಲೆ ಎಳೆದ ಹಾಗೆ. ಆಮೇಲೆ ಬಾವಿಕಟ್ಟೆ ಮೇಲೆ... ತೊಟ್. ಒಂದು ಹನಿ ನೀರು.

ಕೈಲಿದ್ದ ಬೂಚು ಇವನಿಗೇ ಗೊತ್ತಿಲ್ಲದ ಹಾಗೆ ಅಂಗಿ ಜೇಬಿಗೆ ಇಳೀತು. ಕಣ್ಣು ಕತ್ತಲಿಗೆ ನೆಟ್ಟೇ ಇತ್ತು. ಏನೂ ಕಾಣಲಿಲ್ಲ. ಬೇಗ ಬೇಗ ಸುತ್ತಿ ಮುಗಿಸಿ ಹೊರಡೋಣ ಅಂತ ಪೈಪನ್ನ ಬಾವಿ ಕಡೆಗೆ ಉದ್ದಕ್ಕೆ ಮಲಗಿಸಿದ. ನೆಲಕ್ಕೆ ನೆಟ್ಟ ಎರಡು ಕವೆಗೋಲಿನ ಮೇಲೆ ದುಂಡು ಕೂರಿಸಿ, ಹಿಡಿ ತಿರುಗಿಸಿದ.

ಆ ತುದಿ ಹಿಡಿಯೋರಿಲ್ಲದ ಪೈಪು ನೆಲದ ಮೇಲೆ ಹೊರಳಾಡಬೇಕು, ಸುತ್ತು ಸಡಿಲ ಬೀಳಬೇಕು. ಬೀಳಲಿಲ್ಲ. ಪೈಪು ನೆಲ ಬಿಟ್ಟು ಮೇಲೆದ್ದಿತು. ಬಿಗಿಯಾಗಿ, ನೆಟ್ಟಗೆ... ಆ ಕಡೆಯಿಂದ ಯಾರೋ ಎತ್ತಿ ಹಿಡ್ಕೊಂಡ ಹಾಗೆ.

ಕಲ್ಲಿಗೆ ಸಿಕ್ಕಿಕೊಂಡಿದೆ ಅಂತ ತನಗೆ ತಾನೇ ಹೇಳ್ಕೊಂಡ. ಕೈ ನಿಲ್ಲಿಸಿದ. ಪೈಪು ಇಳೀಲಿಲ್ಲ. ಒಂದು ಸಲ ಮೆಲ್ಲಗೆ ಜಗ್ಗಿದ. ಒಂದು ಗಳಿಗೆ ಏನೂ ಇಲ್ಲ... ಆಮೇಲೆ ಆ ಕಡೆಯಿಂದಲೂ ಒಂದು ಸಲ, ಅಷ್ಟೇ ಮೆಲ್ಲಗೆ.

ಇವನು ಕತ್ತಲೆ ಕಡೆ ಮುಖ ಮಾಡಿದ.

"ತಮ್ಮಾ?"

ತೊಟ್... ತೊಟ್...

ನೀವಾಗಿದ್ರೆ ಏನ್ ಮಾಡ್ತಿದ್ರಿ? ನಾನಂತೂ ಪಂಚೆ ಎತ್ತಿ ಕಟ್ಟಿ ಓಡ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಇವನಿಗೂ ಕಾಲು ಓಡು ಅಂತಿತ್ತಂತೆ. ಆದ್ರೆ ಓಡಬೇಕು ಅಂದ್ರೆ ಹಿಡಿ ಬಿಡಬೇಕು. ಬೆಡ್‌ಶೀಟ್ ಹೇಳದೆ ಬಿಟ್ಟಿದ್ದು, ತುದಿ ಹಿಡ್ಕೊ ಅಂದಾಗ ನಾಳೆ ಬಾ ಅಂದಿದ್ದು, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಈ ಸಲ ನಾನು ಬಿಡಲ್ಲ ಅಂತ ಹಲ್ಲು ಕಚ್ಚಿದ. ಕಣ್ಣು ದುಂಡಿನ ಮೇಲಿಟ್ಟು ತಿರುಗಿಸಿದ.

ಈಗ ಒಂದು ಯೋಚನೆ ಮಾಡಿ. ಪೈಪು ಸುತ್ಕೊಳ್ತಾ ಹೋದ ಹಾಗೆ ಉದ್ದ ಕಮ್ಮಿಯಾಗುತ್ತೆ. ಆ ತುದಿ ಹಿಡ್ಕೊಂಡೋರು ಹತ್ತಿರ ಹತ್ತಿರ ಬರಲೇಬೇಕು.

ಒಂದು ಸುತ್ತು. ಬಾವಿಕಟ್ಟೆ ಮೇಲಿದ್ದ ಹನಿ ಶಬ್ದ ನೆಲಕ್ಕೆ ಬಂತು... ತೊಟ್. ಇನ್ನೊಂದು ಸುತ್ತು. ಪಚಕ್... ಒದ್ದೆ ಕಾಲು ಮಣ್ಣಿನ ಮೇಲೆ ಊರಿದ ಶಬ್ದ. ಮತ್ತೊಂದು. ಪಚಕ್... ಪಚಕ್... ಇವನು ತಲೆ ಎತ್ತಲಿಲ್ಲ. ಆ ಶಬ್ದ ಬಲ್ಬಿನ ಬೆಳಕಿನ ಅಂಚಿಗೆ ಬಂದಾಗ ಬಲ್ಬು ಚಿರ್ ಅಂತು, ಮಂಕಾಯ್ತು, ಆದ್ರೆ ಆರಲಿಲ್ಲ. ಬಾವಿಯೊಳಗಿನ ತಣ್ಣನೆ ಪಾಚಿ ವಾಸನೆ ಮುಖಕ್ಕೆ ಬಂತು. ಅದರ ಹಿಂದೆ, ಹೊಸ ಬಟ್ಟೆ ವಾಸನೆ. ಟೈಲರ್ ಅಂಗಡೀಲಿ ಬರುತ್ತಲ್ಲ, ಕತ್ತರಿಸಿದ ಹೊಸ ಬಟ್ಟೆ, ಅದು.

ಆಗ ಇವನಿಗೆ ಹೆದರಿಕೆ ಹೋಗಿಬಿಡ್ತಂತೆ. ಬರೀ ಅಳು ಬಂತಂತೆ.

"ಅವತ್ತೇ ಬರಬೇಕಿತ್ತು ಕಣೋ" ಅಂದ, ಪಿಸುಗುಟ್ಟಿದ. "ಊಟ ಎಲ್ಲಿ ಓಡಿಹೋಗ್ತಿತ್ತು. ಬರಬೇಕಿತ್ತು. ತಪ್ಪಾಯ್ತೋ ತಮ್ಮಾ. ಕೇಳಿಸ್ತೇನೋ?"

ಪೈಪು ಬಿಗಿ ಬಿಡಲಿಲ್ಲ.

ಕೊನೇ ಸುತ್ತು. ಉಳಿದದ್ದು ಮೊಳಕ್ಕಿಂತ ಕಮ್ಮಿ. ಕೈ ಚಾಚಿದ್ರೆ ಸಿಗೋವಷ್ಟು ದೂರದಲ್ಲಿ ಯಾರೋ ನಿಂತಿದ್ದಾರೆ. ಇವನ ಪಾದದ ಮೇಲೆ ತೊಟ್ ಅಂತ ಒಂದು ಹನಿ ಬಿತ್ತು, ಮಂಜಿನಷ್ಟು ತಣ್ಣಗೆ. ಸುತ್ತು ಕೂತಿತು. ಕೆಲಸ ಮುಗೀತು.

ಆಗ... ಎರಡು ಸಲ. ಮೆಲ್ಲಗೆ. ಪೈಪು ಎರಡು ಸಲ ಜಗ್ಗಿತು.

ಬಿಡ್ಲಾ ಅಣ್ಣ?

ಇವನು ಹೂಂ ಅನ್ನಲಿಲ್ಲ. ಅಂದ್ರೆ ಹೋಗಿಬಿಡ್ತಾನೆ ಅಂತ ಗೊತ್ತು. ತಲೆ ಬಗ್ಗಿಸಿ, ಹಿಡಿ ಬಿಗಿಯಾಗಿ ಹಿಡ್ಕೊಂಡು ಹಾಗೇ ನಿಂತ. ಎಷ್ಟು ಹೊತ್ತು ನಿಂತ ಅಂತ ಅವನಿಗೇ ಗೊತ್ತಿಲ್ಲ. ಆ ಕಡೆಯವನೂ ಹಾಗೇ ನಿಂತಿದ್ದ. ಹೇಳದೆ ಬಿಟ್ಟು ಹೋಗೋ ಆಸಾಮಿ ಅಲ್ಲವಲ್ಲ ಅವನು. ಹನಿ ಬೀಳ್ತಾನೇ ಇತ್ತು. ತೊಟ್... ತೊಟ್... ಪಾಪ, ಚಳಿಯಾಗ್ತಿರಬೇಕು ಅನ್ನಿಸಿತಂತೆ ಇವನಿಗೆ. ನೋಡಿ, ಆ ಹೊತ್ತಲ್ಲಿ ಅವನಿಗೆ ಅನ್ನಿಸಿದ್ದು ಅದು.

"ಹೂಂ" ಅಂದ ಕೊನೆಗೆ. "ಬಿಡಪ್ಪಾ."

ಪೈಪು ಸಡಿಲಾಯ್ತು. ದೂರದಲ್ಲಿ ರಾಟೆ ಒಂದೇ ಒಂದು ಸಲ... ಕಿರ್ರ್.

ಬೆಳಕು ಹರಿದಾಗ ಇವನು ಸುರುಳಿ ತೊಡೆ ಮೇಲಿಟ್ಕೊಂಡು ಹಿತ್ತಲಲ್ಲೇ ಕೂತಿದ್ದ. ಅವಳ ಬಾಗಿಲು ತೆರೀತು. ಮುಚ್ಚಲಿಲ್ಲ. ಹತ್ತಿರ ಬಂದಳು. ಕಣ್ಣು ಕೆಂಪಗಿತ್ತು. ನಿದ್ದೆ ಮಾಡಿರಲಿಲ್ಲ ಅಂತ ಕಾಣುತ್ತೆ. ಸುರುಳಿ ನೋಡಿದಳು. ಒಂದು ಸುತ್ತೂ ಚಪ್ಪಟೆಯಾಗಿಲ್ಲ, ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿವೆ.

"ರಾತ್ರಿ ಆ ತುದಿ ಯಾರು ಹಿಡ್ಕೊಂಡಿದ್ರು?" ಅಂತ ಕೇಳಿದಳು.

ಒಂದು ವರ್ಷದ ಮೇಲೆ ಅವಳು ಇವನ ಜೊತೆ ಆಡಿದ ಮೊದಲನೇ ಮಾತು. ಇವನು, "ಇರು, ಮರಳು ತೆಗೆದುಕೊಡ್ತೀನಿ. ತೆಗೆದ್ರೆ ಆಯ್ತು, ಇವತ್ತೇ ಹೂವಿನ ನೀರು ಇಳಿಸಬಹುದು" ಅಂತ ಏನೋ ಒಂದು ಹೇಳಿ, ಆ ತುದಿಯ ಬೂಚು ಕೀಳೋಕೆ ಅಂತ ಪೈಪಿನ ಬಾಯಿ ತಿರುಗಿಸಿದ.

ಬೂಚು ಇರಲಿಲ್ಲ.

ಅಂಗಿ ಜೇಬು ಮುಟ್ಟಿ ನೋಡ್ಕೊಂಡ. ಅಲ್ಲಿತ್ತು. ಹಾಕೋದೇ ಮರೆತಿದ್ದ. ಈ ಕೆಲಸದಲ್ಲಿ ಇದಕ್ಕಿಂತ ದಡ್ಡ ತಪ್ಪು ಇನ್ನೊಂದಿಲ್ಲ. ಅಷ್ಟು ಸುತ್ತು ತಿರುಗಿಸಿದಾಗ ತೆರೆದ ಬಾಯಿಂದ ಮರಳೆಲ್ಲ ಸೋರಿ, ಪೈಪು ಚಪ್ಪಟೆಯಾಗಿ ಹಾಳಾಗಬೇಕಿತ್ತು. ನೆಲ ನೋಡಿದ. ಬಾವಿಯಿಂದ ದುಂಡಿನವರೆಗೆ ಒಂದು ಕಾಳು ಮರಳು ಬಿದ್ದಿರಲಿಲ್ಲ.

ಇಬ್ಬರೂ ಪೈಪಿನ ಬಾಯೊಳಗೆ ಬಗ್ಗಿ ನೋಡಿದ್ರು. ಬಾಣಲೇಲಿ ಹುರಿದು ತಂದ ಆ ಮರಳು ಅಲ್ಲಿ ಒದ್ದೆ ಇತ್ತು. ಹೆಬ್ಬೆರಳಿಂದ ಒಳಕ್ಕೆ ಒತ್ತಿ ಹಿಡಿದ ಹಾಗೆ ಚೂರು ತಗ್ಗಾಗಿತ್ತು. ಆ ತಗ್ಗಿನ ನಟ್ಟನಡುವೆ, ಅಕ್ಕಿಕಾಳಿನಷ್ಟು ಒಂದು ಉಬ್ಬು.

ಅವಳು ಆ ಉಬ್ಬನ್ನೇ ನೋಡ್ತಾ ಕೂತಳು. ಇವನು ಮರಳು ಉದುರಿಸೋಕೆ ಕೋಲು ತಗೊಂಡಾಗ ಅವನ ಕೈ ಹಿಡಿದಳು.

"ಬೇಡ" ಅಂದಳು. "ತಟ್ಟಬೇಡಿ, ಭಾವ."

ಆಮೇಲೆ ಸುರುಳೀನ ಎರಡೂ ಕೈಲಿ ಎತ್ಕೊಂಡು, "ಒಳಗೆ ಬನ್ನಿ" ಅಂದಳು.

ಹೂವಿನ ನೀರು ಇಳಿಸಲೇ ಇಲ್ಲ. ಆ ವರ್ಷದ ಹೂವೆಲ್ಲ ಉದುರಿಹೋಯ್ತು, ಮುಂದಿನ ವರ್ಷದ್ದೂ. ಸುರುಳಿ ಇವತ್ತಿಗೂ ಅವಳ ಮನೇಲಿದೆ, ಹೊಲಿಗೆ ಮಿಷನ್ನಿನ ಮೇಲೆ, ಆ ಬಾಯಿ ಮೇಲಕ್ಕೆ ಮಾಡಿ ಇಟ್ಟಿದ್ದಾಳೆ. ನಾನು ಹೋದಾಗಲೆಲ್ಲ ಬಗ್ಗಿ ನೋಡ್ತೀನಿ. ನೀವು ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ನನಗೇನೂ ಆಗಬೇಕಾಗಿಲ್ಲ. ಆದ್ರೆ ನಾನು ಈ ಕಣ್ಣಲ್ಲಿ ನೋಡಿದ್ದು ಹೇಳ್ತೀನಿ. ಹೋದ ಬೇಸಿಗೇಲಿ ಆ ಬಾವಿ ತಳ ಕಾಣೋ ಹಾಗೆ ಬತ್ತಿತ್ತು. ಹಿತ್ತಲ ಮಣ್ಣು ಬಿರುಕು ಬಿಟ್ಟಿತ್ತು. ಪೈಪಿನ ಬಾಯಲ್ಲಿದ್ದ ಮರಳು ಮಾತ್ರ ಒದ್ದೆ ಇತ್ತು.